ಮಡಿ ಮೀನು

ಚೆಲುವೆಯರಿಗೆ ಊಟ ಸೇರುವುದಿಲ್ಲ ಎಂದು ನಮ್ಮಮ್ಮ, ಸೊಸೆಯ ಕಡೆ ನೋಡಿಯೂ ನೋಡದ ಹಾಗೆ, ಹೇಳಿದರು. ಮಾತು ಎದ್ದದ್ದು ಮೀನಿನಿಂದ. ಪುಣೆಗೆ ವರ್ಗವಾದ ಗೆಳೆಯನೊಬ್ಬ ತನ್ನ ಉಪ್ಪುನೀರಿನ ಟ್ಯಾಂಕು ಮಾರಿ, ಯಾರೂ ಕೊಳ್ಳದೆ ಉಳಿದ ಮ್ಯಾಂಡರಿನ್ ಮೀನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬಂದ. "ಅಲ್ಲಿ ಮನೆ ಸಿಗೋವರೆಗೆ ಇಟ್ಕೊಂಡಿರು ಮಾರಾಯ" ಎಂದು ಬಿಟ್ಟು ಹೋದ. ಮನೆ ಸಿಕ್ಕಿತು. ಆಮೇಲೆ ಫೋನ್ ಮಾಡಿ, "ನೀನೇ ಇಟ್ಕೊಂಡ್ಬಿಡು, ನಿಂಗೆ ಇಷ್ಟ ತಾನೆ?" ಎಂದ. ಇಷ್ಟವೇನೋ ಹೌದು. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಬೆರಳುದ್ದದ ಮೀನು. ನೀಲಿ ಮೈಮೇಲೆ ಕಿತ್ತಳೆ ಪಟ್ಟೆಗಳು ಅಂಕುಡೊಂಕಾಗಿ ಸುತ್ತಿಕೊಂಡಿವೆ. ಕೆನ್ನೆಗೆ ಬರುವಷ್ಟರಲ್ಲಿ ಹಸಿರೂ ಸೇರಿಕೊಳ್ಳುತ್ತದೆ. ಬಹುಪಾಲು ಮೀನುಗಳ ನೀಲಿ ಬೆಳಕಿನ ಕಣ್ಕಟ್ಟು, ಚರ್ಮದೊಳಗಿನ ಹರಳುಗಳು ಬೆಳಕನ್ನು ಚದುರಿಸಿ ತೋರಿಸುವ ಆಟ. ಇದರ ಚರ್ಮದಲ್ಲಿ ಮಾತ್ರ ಅಪ್ಪಟ ನೀಲಿ ಬಣ್ಣ ತುಂಬಿದ ಕೋಶಗಳೇ ಇವೆ. ಹುರುಪೆಯಿಲ್ಲ, ಬದಲಿಗೆ ಯಾರೂ ಬಾಯಿಗೆ ಹಾಕಿಕೊಳ್ಳದಂಥ ಲೋಳೆ. ಈಜುವುದಕ್ಕಿಂತ ಎದೆಯಡಿಯ ರೆಕ್ಕೆಗಳ ಮೇಲೆ ಬಂಡೆಯಿಂದ ಬಂಡೆಗೆ ನಡೆಯುವುದೇ ಹೆಚ್ಚು. 1927ರಲ್ಲಿ ಆಲ್ಬರ್ಟ್ ಹೆರ್ರೆ ಎಂಬ ವಿಜ್ಞಾನಿ ಫಿಲಿಪೀನ್ಸಿನ ಈ ಮೀನನ್ನು ಮೊದಲು ವರ್ಣಿಸಿದಾಗ 'ಸ್ಪ್ಲೆಂಡಿಡಸ್' ಎಂದು ಹೆಸರಲ್ಲೇ ಹೊಗಳಿಬಿಟ್ಟ. ಊಟ ಹಾಕುವ ಕೆಲಸ ಅವನಿಗಿರಲಿಲ್ಲವಲ್ಲ!

ಹಿಂದೆ ಮಡಿ ಅಜ್ಜಿಯರು ಕಂಡವರ ಮನೆಯಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ಈ ಮೀನು ಆ ಪೈಕಿ. ಬಂಡೆಯ ಮೇಲೆ ಹರಿದಾಡುವ, ಹೆಚ್ಚೆಂದರೆ ಮಿಲಿಮೀಟರೋ ಎರಡೋ ಉದ್ದದ ಕೋಪೆಪಾಡ್ ಎಂಬ ಹುಳುಗಳೇ ಇದರ ಮುಖ್ಯ ನೈವೇದ್ಯ. ಅವೂ ಜೀವಂತ ಇರಬೇಕು, ಅಲುಗಾಡುತ್ತಿರಬೇಕು. ಬಾಯಿ ಚಿಕ್ಕದು, ಗತಿ ನಿಧಾನ, ಬೆಳಗಿನಿಂದ ಸಂಜೆವರೆಗೆ ಹೆಕ್ಕುತ್ತಲೇ ಇರಬೇಕು. ಮೀನು ಸಾಕುವ ಹಳಬರು ಇದಕ್ಕೆ ಸುಮಾರು 300 ಲೀಟರಿನ, ತಿಂಗಳುಗಟ್ಟಲೆ ಪಳಗಿದ ಟ್ಯಾಂಕು ಬೇಕೆನ್ನುತ್ತಾರೆ; ಅಷ್ಟಿದ್ದರೆ ತಿಂದಷ್ಟೂ ಹುಳು ಮತ್ತೆ ಹುಟ್ಟುತ್ತದೆ. ನನ್ನದು 60 ಲೀಟರು.

ಆದರೂ ಸುಮ್ಮನಿರಲಿಲ್ಲ. ಬಾಲ್ಕನಿಯಲ್ಲಿ ಸೋಡಾ ಬಾಟಲಿಗಳು ಸಾಲಾಗಿ ನಿಂತವು. ಒಂದರಲ್ಲಿ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯ ಮೊಟ್ಟೆ, ಉಪ್ಪುನೀರು, ಗುಳುಗುಳು ಗಾಳಿ. ಇನ್ನೊಂದರಲ್ಲಿ ಕೋಪೆಪಾಡ್ ಸಂಸಾರ. ಮತ್ತೊಂದರಲ್ಲಿ ಆ ಸಂಸಾರಕ್ಕೆ ಬೇಕಾದ ಪಾಚಿಯ ಹಸಿರು ನೀರು. "ರೀ, ಪಾಲಕ್ ಜ್ಯೂಸ್ ಯಾವಾಗ ಶುರು ಮಾಡಿದ್ರಿ?" ಎಂದಳು ಹೆಂಡತಿ, ಮುಚ್ಚಳ ತೆಗೆದು ಮೂಸುವ ಮುಂಚೆ. ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಮೈಸಿಸ್ ಸೀಗಡಿಯ ಪೊಟ್ಟಣ ಕಂಡ ದಿನ ಅಮ್ಮ ಬಟಾಣಿಯನ್ನೂ ಎಸೆದರು.

ಮೀನಿನ ಮುಂದೆ ಸೀಗಡಿ ತುಣುಕು ಬಿಟ್ಟರೆ, ಅದು ಒಂದು ಕಣ್ಣನ್ನು ಮಾತ್ರ ತಿರುಗಿಸಿ ನೋಡುತ್ತಿತ್ತು. ಹತ್ತಿರ ಬಂದು, ಇನ್ನೇನು ತಿಂದೇಬಿಟ್ಟಿತು ಎನ್ನುವಾಗ ಮುಖ ತಿರುಗಿಸಿ ಪಕ್ಕದ ಬರಿಗಲ್ಲನ್ನು ಕುಟುಕುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ, ಟ್ಯಾಂಕಿನಲ್ಲಿ ಮೊದಲೇ ಇದ್ದ ಕ್ಲೌನ್ ಮೀನು ಬಂದು ಆ ತುಣುಕನ್ನು ನುಂಗಿ, ಇನ್ನೂ ಇದೆಯಾ ಎಂದು ನನ್ನನ್ನೇ ನೋಡುತ್ತಿತ್ತು. ಆರ್ಟೀಮಿಯಾ ಮರಿಗಳನ್ನು ಒಂದಿಷ್ಟು ಹೆಕ್ಕಿದ್ದು ನಿಜ. ಆದರೆ ಅವುಗಳ ಸತ್ವ ಹುಟ್ಟಿದ ದಿನವೇ ಇಳಿಯತೊಡಗುತ್ತದೆ. ಹೊಟ್ಟೆ ತುಂಬಬಹುದು, ಮೈ ಹಿಡಿಯುವುದಿಲ್ಲ.

ಒಂದು ಸಂಜೆ ಅಮ್ಮ ಕನ್ನಡಕ ಏರಿಸಿ ಗಾಜಿಗೆ ಮೂಗು ತಾಗಿಸಿ ನಿಂತರು. "ಅಲ್ಲ ಕಣೋ, ಇದರ ಹೊಟ್ಟೆ ಬೆನ್ನಿಗೆ ಹತ್ತಿದೆಯಲ್ಲೋ. ಅಷ್ಟು ಚೆಂದದ್ದನ್ನ ಉಪವಾಸ ಕೆಡವಿ ನೋಡ್ತಾ ಕೂರ್ತೀಯಾ?" ಬಂದವರಿಗೆಲ್ಲ ಬಡಿಸಿ ಬಡಿಸಿ ಪಳಗಿದ ಕಣ್ಣು. ನಾನು ಬಣ್ಣ ನೋಡುತ್ತಿದ್ದೆ, ಅವರು ಹೊಟ್ಟೆ ನೋಡಿದರು.

ತೊಟ್ಟಿಯಲ್ಲೇ ಹುಟ್ಟಿ, ಗುಳಿಗೆ ಮೇವು ರೂಢಿಯಾದ ಮ್ಯಾಂಡರಿನ್‌ಗಳೂ ಇವೆ; ನಮ್ಮದು ಸಮುದ್ರದಿಂದ ಹಿಡಿದು ತಂದದ್ದು. ಇಟ್ಟುಕೊಳ್ಳೋಣವೇ ಬೇಡವೇ ಎಂಬ ಚರ್ಚೆಯನ್ನು ಹೆಂಡತಿ ಒಂದೇ ಪ್ರಶ್ನೆಯಲ್ಲಿ ಮುಗಿಸಿದಳು: "ನಾವು ಊರಿಗೆ ಹೋದ್ರೆ ಇದಕ್ಕೆ ಬಡಿಸೋರು ಯಾರು?" ನಗರದ ಆಚೆ ತುದಿಯಲ್ಲಿ ದೊಡ್ಡ ಟ್ಯಾಂಕಿರುವ ಒಬ್ಬರು ಒಪ್ಪಿಕೊಂಡರು. ಟ್ರಾಫಿಕ್ಕಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಾಗ, ಪಕ್ಕದ ಆಟೋದ ಮಗುವೊಂದು ಬಾಯಿ ತೆರೆದು ನೋಡಿತು. ವಾಪಸು ಮನೆಗೆ ಹೋಗಿಬಿಡೋಣ ಅಂತ ಆಗಲೂ ಅನಿಸಿತು. ಹೋಗಲಿಲ್ಲ. ಬಿಟ್ಟ ಕೂಡಲೇ ಅದು ಆ ಮನೆಯ ಬಂಡೆಗಳನ್ನು ಹೆಕ್ಕಲು ಶುರು ಮಾಡಿತು. ನನ್ನ ಕಡೆ ಆ ಒಂದು ಕಣ್ಣನ್ನೂ ತಿರುಗಿಸಲಿಲ್ಲ.

ಈಗ ಅದು ಡುಮ್ಮಗಾಗಿದೆಯಂತೆ. ನಿಮಗೂ ಎಲ್ಲಾದರೂ ಅಂಗಡಿಯಲ್ಲಿ ಈ ಮೀನು ಕಂಡು ಮನಸ್ಸು ಜಾರಿದರೆ, ಬೆಲೆ ಆಮೇಲೆ ಕೇಳಿ. ಮೊದಲು ಹೊಟ್ಟೆ ನೋಡಿ. "ಎಲ್ಲಾ ತಿನ್ನುತ್ತೆ ಸಾರ್" ಎಂದು ಅಂಗಡಿಯವರು ಹೇಳಿದರೆ, "ಎಲ್ಲಿ, ಈಗಲೇ ಹಾಕಿ ತೋರಿಸಿ" ಎನ್ನಿ.