ಗಡಿಪಾರಾದ ದ್ರಾಕ್ಷಿಗಳು

ಕಾಸರಗೋಡಿನ ಅಡಿಕೆ ತೋಟದ ಮನೆಯಲ್ಲಿ ಬೆಳೆದವರಿಗೆ ಬೋರ್ಡೋ ಎಂದರೆ ವೈನಲ್ಲ, ಮದ್ದು. ಮೈಲುತುತ್ತು, ಸುಣ್ಣ ಕಲಸಿ ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆರೋಗ ಬಾರದಂತೆ ಬಿಡುವ ನೀಲಿ ಮದ್ದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಅದರ ಗುಣ ಕಂಡು, 1885ರಲ್ಲಿ ಲೋಕಕ್ಕೆ ತಿಳಿಸಿದವರು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ. ನಮ್ಮ ತೋಟ ಉಳಿಸಿದ ಊರು ಎಂಬ ಅಭಿಮಾನದಿಂದಲೇ ಅಲ್ಲಿನ ಕೆಂಪು ವೈನನ್ನು ತಿರುವನಂತಪುರದ ಗೆಳತಿಯ ಮನೆಯಲ್ಲಿ ಮೊದಲ ಸಲ ಬಾಯಿಗಿಟ್ಟೆ. ಜೊತೆಗೆ ಚಾಲೆ ಪೇಟೆಯ ಹುರಿದ ಕೋಳಿ, ಮೇಲೆಲ್ಲ ಒಣಮೆಣಸಿನ ತರಿ. ಒಂದು ತುಂಡು, ಒಂದು ಗುಟುಕು: ನಾಲಿಗೆಗೆ ಬೆಂಕಿ, ಒಸಡಿಗೆ ಎಳೆ ಅಡಿಕೆ ಜಗಿದಂಥ ಚೊಗರು. ಎರಡರಲ್ಲೂ ಇರುವುದು ಟ್ಯಾನಿನ್ ತಾನೆ? ಅದು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಂಡು ಬಾಯಿ ಒಣಗಿಸುತ್ತದೆ. ಮದ್ಯಸಾರವೋ ಮೆಣಸಿನ ಉರಿಯನ್ನು ಇನ್ನಷ್ಟು ಏರಿಸುತ್ತದೆ. ಕುರಿಮಾಂಸದ ಕೊಬ್ಬಿನೆದುರು ಸಾಧುವಾಗುವ ಬೋರ್ಡೋ ಖಾರದೆದುರು ಶುದ್ಧ ಜಗಳಗಂಟ.

ಕೇರಳದ ಅಡುಗೆಗೆ ಒಗ್ಗುವ ಫ್ರೆಂಚ್ ಕೆಂಪು ವೈನ್ ಯಾವುದೆಂದು ಕೇಳಿದರೆ ನಾನು ಹೇಳುವುದು ಬೋಜೊಲೇ. ವೈನ್ ಪಂಡಿತರಲ್ಲಿ ಕೆಲವರು ಮೂಗು ಮುರಿಯುತ್ತಾರೆ, ಮುರಿಯಲಿ. ಅದರ ದ್ರಾಕ್ಷಿ ಗಮೇ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಈ ಬಳ್ಳಿಯನ್ನು ಕಿತ್ತೆಸೆಯಲು ಅಪ್ಪಣೆ ಹೊರಡಿಸಿದ. ತಪ್ಪೇನು? ಬೇಗ ಹಣ್ಣಾಗುತ್ತದೆ, ಗೊಂಚಲು ಗೊಂಚಲಾಗಿ ಬಿಡುತ್ತದೆ. ದೊರೆಗೆ ಬೇಕಿದ್ದದ್ದು ಕಡಿಮೆ ಬಿಡುವ, ನಾಜೂಕಿನ ಪಿನೊ ನ್ವಾರ್. ರೈತನಿಗೆ ವರವಾದದ್ದು ಅರಮನೆಗೆ ಅಪರಾಧ! ಗಮೇ ದಕ್ಷಿಣಕ್ಕೆ ಸರಿದು ಬೋಜೊಲೇ ಗುಡ್ಡಗಳ ಗ್ರಾನೈಟ್ ಮಣ್ಣಿನಲ್ಲಿ ಬೇರೂರಿತು.

ಅಲ್ಲಿ ಗೊಂಚಲನ್ನು ಹಿಸುಕದೆ ಹಾಗೆಯೇ ತೊಟ್ಟಿಗೆ ತುಂಬುತ್ತಾರೆ. ಇಂಗಾಲದ ಡೈಆಕ್ಸೈಡ್ ಕವಿದ ತೊಟ್ಟಿಯಲ್ಲಿ ಇಡೀ ಹಣ್ಣಿನೊಳಗೇ ಹುದುಗುವಿಕೆ ಶುರುವಾಗುತ್ತದೆ. ಬಣ್ಣ ಬರುತ್ತದೆ, ಹಣ್ಣಿನ ಘಮ ಬರುತ್ತದೆ, ಚೊಗರು ಮಾತ್ರ ಅಷ್ಟಾಗಿ ಇಳಿಯುವುದಿಲ್ಲ. ಹುಳಿ ಚೆನ್ನಾಗಿಯೇ ಇರುತ್ತದೆ. ಕುಡಂಪುಳಿ ಹಾಕಿದ ಮೀನು ಸಾರಿನ ಪಕ್ಕದಲ್ಲಿ ಸಪ್ಪೆಯಾಗದಿರಲು ವೈನಿಗೂ ಅಷ್ಟು ಹುಳಿ ಬೇಕೇ ಬೇಕು. ಕುಡಿಯುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿ ಕುಡಿಯಬೇಕೆಂದು ವಿಧಿಸಿದವರು ಏಪ್ರಿಲ್‌ನಲ್ಲಿ ಕೊಚ್ಚಿಗೆ ಬಂದವರಲ್ಲ. ತೆಂಗಿನ ಹಾಲಿನ ಮೀನ್ ಮೊಯ್ಲಿಗೆ ಇದು ಸರಿ, ಕುಟ್ಟನಾಡಿನ ಬಾತುಕೋಳಿ ರೋಸ್ಟಿಗೆ ಇನ್ನೂ ಸರಿ. ಬಾತುಕೋಳಿಯ ಕೊಬ್ಬನ್ನು ಆ ಹುಳಿ ಕತ್ತರಿಸುತ್ತದೆ, ಕಾಳುಮೆಣಸಿನ ಘಾಟಿಗೆ ಹಣ್ಣಿನ ಘಮ ಜೊತೆಯಾಗುತ್ತದೆ. ಕಾಳುಮೆಣಸಿಗೂ ವೈನಿಗೂ ಈ ಕರಾವಳಿಯಲ್ಲಿ ಹಳೆಯ ಲೇವಾದೇವಿ: ಕೊಚ್ಚಿಯ ಉತ್ತರಕ್ಕಿರುವ ಪಟ್ಟಣಂ ಊರಿನಲ್ಲಿ 2007ರಿಂದ ನಡೆದ ಉತ್ಖನನದಲ್ಲಿ ಮೆಡಿಟರೇನಿಯನ್ ಕಡೆಯ ವೈನ್ ಜಾಡಿಗಳ ಚೂರುಗಳು ರಾಶಿರಾಶಿ ಸಿಕ್ಕಿವೆ.

ನಮ್ಮ ಪಕ್ಕದ ಮನೆಯ ಅಮ್ಮಚ್ಚಿಗೆ ಬೋಜೊಲೇ ರುಚಿ ತೋರಿಸಿದೆ. 'ಮೋಳೆ, ಇದಕ್ಕೆ ಸಕ್ಕರೆ ಹಾಕಿಲ್ಲವಲ್ಲ!' ಎಂದರು. ಅವರದು ಕ್ರಿಸ್‌ಮಸ್ ವೈನ್. ಭರಣಿಯಲ್ಲಿ ಹಿಸುಕಿದ ದ್ರಾಕ್ಷಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ. ಬಾಯಿಗೆ ಬಿಳಿ ಬಟ್ಟೆ. ದಿನಾ ಮರದ ಸೌಟಿನಿಂದ ತಿರುವಿದಾಗ ಬುಸ್ಸೆಂದು ನೊರೆ ಏಳುತ್ತದೆ. (ಅಬಕಾರಿ ಇಲಾಖೆಯವರು ಈ ಸಾಲುಗಳನ್ನು ಬಿಟ್ಟು ಓದಬೇಕು.) ಅವರಿಗೆ ಬೆಂಗಳೂರು ಬ್ಲೂ ದ್ರಾಕ್ಷಿಯೇ ಆಗಬೇಕು, ಬೆಂಗಳೂರಿಗೆ ಹೋದಾಗಲೆಲ್ಲ ಹೊತ್ತು ತರುವವಳು ನಾನು. ಅದು ಅಮೆರಿಕ ಮೂಲದ ಇಸಬೆಲ್ಲಾ ತಳಿಯೇ ಎನ್ನುತ್ತಾರೆ ಬಲ್ಲವರು. ಆ ಇಸಬೆಲ್ಲಾವನ್ನೂ 1930ರ ದಶಕದಲ್ಲಿ ಫ್ರಾನ್ಸ್ ವೈನ್ ವ್ಯಾಪಾರದಿಂದ ಹೊರಗಟ್ಟಿತು. ಹೀಗೆ ನಮ್ಮ ಊಟದ ಮೇಜಿನ ಮೇಲೆ ಗಡಿಪಾರಾದವರಿಬ್ಬರು ಅಕ್ಕಪಕ್ಕ ಕೂತರು.

ಅಪ್ಪಣೆ ಹೊರಡಿಸುವುದರಲ್ಲಿ ಕೇರಳವೂ ಹಿಂದೆ ಬಿದ್ದಿಲ್ಲ. 2014ರಲ್ಲಿ ಪಂಚತಾರಾ ಹೋಟೆಲುಗಳನ್ನು ಬಿಟ್ಟು ಉಳಿದ ಬಾರ್‌ಗಳಿಗೆಲ್ಲ ಬೀಗ ಬೀಳುವ ಕಾಲ ಬಂತು. ಮುಚ್ಚಿದ ಎಷ್ಟೋ ಬಾರ್‌ಗಳು ಬಿಯರ್, ವೈನ್ ಪಾರ್ಲರುಗಳಾಗಿ ಬಾಗಿಲು ತೆರೆದವು. ರಮ್ಮು, ಬ್ರಾಂಡಿಯಷ್ಟೇ ಬಲ್ಲವರು ವೈನಿನ ಲೋಟ ಹಿಡಿದು ಪೆಚ್ಚಾಗಿ ಕೂತಿರುತ್ತಿದ್ದರು. 2017ರಲ್ಲಿ ಹೊಸ ಸರ್ಕಾರ ಆ ನೀತಿಯನ್ನು ಸಡಿಲಿಸಿತು. ತಿಂಗಳ ಒಂದನೇ ತಾರೀಕು ಮದ್ಯದಂಗಡಿ ಮುಚ್ಚುವ ಪದ್ಧತಿ ಮಾತ್ರ ಉಳಿದಿದೆ. ಮಂಗಳೂರಿನ ನೆಂಟರು ಸರಿಯಾಗಿ ಅವತ್ತೇ ರೈಲಿಳಿಯುತ್ತಾರೆ.