ಡೋಲಿನವನ ಮಗ

ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರಿನ ದಾರಿ ಹಿಡಿದರೆ ಸ್ವಲ್ಪ ದೂರದಲ್ಲಿ ನನ್ನ ಮನೆ. ಮನೆಗೆ ತಾಗಿಸಿ ಇಳಿಸಿದ ಮಾಡಿನ ಕೆಳಗೆ ಪಂಪ್‌ಸೆಟ್ ಮೋಟರುಗಳ ವೈಂಡಿಂಗ್ ಅಂಗಡಿ. ಅಂಗಡಿಯ ಗೋಡೆಯಲ್ಲಿ ಒಂಬತ್ತು ಬೇಸ್ ಗಿಟಾರುಗಳನ್ನು ತೂಗುಹಾಕಿದ್ದೇನೆ. ಹತ್ತನೆಯ ಮೊಳೆಗೆ ಅಪ್ಪನ ಡೋಲು.

ಕಳೆದ ಮಕರ ಸಂಕ್ರಾಂತಿಯ ಹೊತ್ತು. ಮಾರಣಕಟ್ಟೆಯ ಜಾತ್ರೆಗೆಂದು ಊರಿನ ಗದ್ದೆಗಳಲ್ಲಿ ಹೆಂಗಸರು ಸೇವಂತಿಗೆ ಕೊಯ್ಯುತ್ತಿದ್ದರು. ಬೆಂಗಳೂರಿನ ಕಾರೊಂದು ಬಂದು ನಿಂತಿತು. ಇಳಿದವರು ಹಳೆಯ ಗಿಟಾರುಗಳನ್ನು ಕೊಳ್ಳುವವರಂತೆ. ಯಾರೋ ನನ್ನ ಹೆಸರು ಹೇಳಿದ್ದರು. ಒಂದೊಂದನ್ನೇ ಇಳಿಸಿ ನೋಡಿದರು. "ಇದರ ಪಿಕಪ್ ಒರಿಜಿನಲ್ಲಾ?" ಅಲ್ಲ, ನಾನೇ ಸುತ್ತಿದ್ದು. "ಬಣ್ಣ?" ಕೆರೆದು ತೆಗೆದಿದ್ದೇನೆ. "ಕೊರಳು?" ಬೇರೆ ಗಿಟಾರಿನದ್ದು. ಅವರ ಮುಖ ಸಪ್ಪೆಯಾಯಿತು. ಹೊರಡುವ ಮುಂಚೆ ಕಣ್ಣು ಹತ್ತನೆಯ ಮೊಳೆಗೆ ಹೋಯಿತು. "ಇದೊಂದು ಒರಿಜಿನಲ್ ಕಾಣ್ತದೆ. ಇಪ್ಪತ್ತು ಸಾವಿರ ಕೊಡ್ತೇನೆ. ರೆಸಾರ್ಟಿನ ಹಾಲಿಗೆ ಚೆನ್ನಾಗಿರ್ತದೆ" ಅಂದರು.

ನನಗೆ ಬಾಯಿ ಬರಲಿಲ್ಲ. ಆಮೇಲೆ ತಿಳಿಸುತ್ತೇನೆ ಎಂದು ಕಳಿಸಿದೆ. ಅಂದಿನಿಂದ ತಲೆಯಲ್ಲಿ ಕೊರೆಯುತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಕೊರಗರು. ಬಳ್ಳಿ ತಂದು ಬುಟ್ಟಿ ಹೆಣೆಯುವುದು, ಡೋಲು ಬಡಿಯುವುದು ನಮ್ಮ ಮೇಲೆ ಹೊರಿಸಿದ ಕೆಲಸ. 'ಹೊರಿಸಿದ' ಎಂದು ಯೋಚಿಸಿಯೇ ಬರೆಯುತ್ತಿದ್ದೇನೆ. ಅಜಲು ಎಂದರೆ ಏನು ಎಂದು ಕರಾವಳಿಯ ಹೊರಗಿನ ಗೆಳೆಯರಿಗೆ ಗೊತ್ತಿರಲಿಕ್ಕಿಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿದರೆ ತಮ್ಮ ಮನೆಯ ರೋಗ, ಕೇಡು ಕಳೆಯುತ್ತದೆಂದು ನಂಬಿದ ಊರುಗಳಿವು. ಕಂಬಳದ ಹಿಂದಿನ ರಾತ್ರಿ ಇಡೀ ಚಳಿಯಲ್ಲಿ ಕೂತು ಡೋಲು ಬಡಿಯಬೇಕು, ಕೂಲಿ ಕೇಳಬಾರದು. ಇದನ್ನು ನಿಷೇಧಿಸುವ ಕಾಯಿದೆ ಬಂದದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು 53 ವರ್ಷವಾದ ಮೇಲೆ.

ಅಪ್ಪ ಬಡಿದದ್ದಕ್ಕೆ ಎರಡು ತೆಂಗಿನಕಾಯಿ, ಒಂದಿಷ್ಟು ಅಕ್ಕಿ. ನಾನು ಚಿಕ್ಕವನು, ಅವನ ಬೆನ್ನಿಗೆ ಒರಗಿ ನಿದ್ದೆ ಹೋಗುತ್ತಿದ್ದೆ. ಡೋಲಿನ ಸದ್ದು ಕಿವಿಗೆ ಬರುವುದಕ್ಕೆ ಮುಂಚೆ ಅಪ್ಪನ ಬೆನ್ನಿನ ಎಲುಬಿನಿಂದ ನನ್ನ ಹೊಟ್ಟೆಗೆ ಬರುತ್ತಿತ್ತು.

ಎಸ್ಸೆಸ್ಸೆಲ್ಸಿ ಫೇಲಾಗಿ 1986ರಲ್ಲಿ ಕುಂದಾಪುರದ ಒಂದು ವೈಂಡಿಂಗ್ ಅಂಗಡಿಗೆ ಸೇರಿದೆ. ರಾತ್ರಿ ಹೊತ್ತು ಆರ್ಕೆಸ್ಟ್ರಾ ಒಂದರ ಸ್ಪೀಕರ್ ಪೆಟ್ಟಿಗೆ ಹೊರುವ ಕೆಲಸ. ಮೊದಲ ದಿನವೇ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತಿದ್ದೆ. ಬೇಸಿನವರು ದಪ್ಪ ತಂತಿಯನ್ನು ಮೀಟಿದರು. ಹೊಟ್ಟೆಯೊಳಗೆ ಅಪ್ಪನ ಡೋಲು ಎದ್ದು ಕೂತಿತು!

ಬೇಸ್ ಗಿಟಾರಿಗೆ ನಾಲ್ಕೇ ತಂತಿ. ಅತಿ ದಪ್ಪದ್ದು ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಸಣ್ಣ ರೇಡಿಯೋದಲ್ಲಿ ಅದು ಕೇಳಿಸುವುದೇ ಇಲ್ಲ. ಹಾಡು ಕೇಳುವವರು ಹಾಡಿದವರನ್ನು ನೆನಪಿಟ್ಟುಕೊಳ್ಳುತ್ತಾರೆ, ಬೇಸಿನವನನ್ನಲ್ಲ. ಅವನು ನಿಲ್ಲಿಸಿದರೆ ಮಾತ್ರ ಏನೋ ಕುಸಿಯಿತು ಅನಿಸುತ್ತದೆ. ಈ ವಾದ್ಯವನ್ನು ಮಾರುಕಟ್ಟೆಗೆ ತಂದು ಗೆಲ್ಲಿಸಿದವನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್. ಇಸವಿ 1951. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಇದು ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ರಿಪೇರಿ ಮಾಡುವವನ ಕೈಯಿಂದ ಬಂದ ವಾದ್ಯವಲ್ಲವೇ ಇದು!

ಒಮ್ಮೆ ವೇದಿಕೆಯಲ್ಲೇ ಗಿಟಾರು ಸತ್ತುಹೋಯಿತು. ನಾನು ಓಡಿಹೋಗಿ ಒಳಗಿನ ತಂತಿಗೆ ಬೆಸುಗೆ ಹಾಕಿಕೊಟ್ಟೆ. ಬೇಸಿನವರು ಕ್ರಿಸ್ತುವರು, ದೊಡ್ಡ ಮನಸ್ಸಿನವರು. ಅಂದಿನಿಂದ ಕಲಿಸತೊಡಗಿದರು. ಅವರು ಕೊಲ್ಲಿಗೆ ಕೆಲಸಕ್ಕೆ ಹೋದಾಗ ಆ ಜಾಗ ನನ್ನದಾಯಿತು.

1994ರ ಒಂದು ಜಾತ್ರೆ. ಊರಿನ ಹೆಸರು ಬೇಡ. ರಸಮಂಜರಿ ಶುರುವಾಗಿ ಮೂರನೆಯ ಹಾಡು. ದೇವಸ್ಥಾನದ ಪೌಳಿಯ ಹೊರಗೆ ಅಪ್ಪ ಡೋಲು ಹಾಕಿಕೊಂಡು ನಿಂತಿದ್ದ, ನಾನು ಒಳಗಿನ ವೇದಿಕೆಯಲ್ಲಿ. ಕಮಿಟಿಯವರೊಬ್ಬರು ಗುರುತು ಹಿಡಿದರು. "ಏಯ್, ನೀ ಆ ಡೋಲಿನವ್ನ ಮಗ ಅಲ್ದಾ? ಅಪ್ಪ ಹೊರ್ಗ್ ಬಡೀತಾ ಇದ್ದ, ಮಗ ಸ್ಟೇಜ್ ಹತ್ಕಂಡ್ ನಿಂತಿದ್ದ, ಕಾಣ್!" ಸುತ್ತ ಇದ್ದವರು ನಕ್ಕರು. ಆರ್ಕೆಸ್ಟ್ರಾದ ಯಜಮಾನರು ಏನೂ ಮಾತಾಡಲಿಲ್ಲ. ನಾನು ಇಳಿದೆ. ಆದರೆ ಬೇಸ್ ಇಲ್ಲದೆ ಹಾಡು ನಿಲ್ಲಲಿಲ್ಲ, ಒಣಗಿದ ತೊಗಟೆಯ ಹಾಗೆ ಆಯಿತು. ಹತ್ತು ನಿಮಿಷದಲ್ಲಿ ಒಬ್ಬ ಹುಡುಗ ಬಂದು ಉದ್ದದ ವೈರು ಕೊಟ್ಟ. "ಪರದೆ ಹಿಂದ್ ನಿಂತ್ ನುಡ್ಸುಕ್ ಹೇಳ್ರ್" ಅಂದ.

ನುಡಿಸಿದೆ. ನಾನು ಇವತ್ತಿಗೂ ನನ್ನನ್ನು ಕ್ಷಮಿಸದ ವಿಷಯ ಅದು. ಮನೆಯಲ್ಲಿ ಅಕ್ಕಿ ಇರಲಿಲ್ಲ, ಅಂದಿನ ಸಂಬಳ 75 ರೂಪಾಯಿ. ಪರದೆಯ ಹಿಂದೆ ಕತ್ತಲಲ್ಲಿ ನಿಂತರೆ ಗೋಡೆಯ ಆಚೆಯ ಡೋಲೂ ಕೇಳುತ್ತಿತ್ತು. ನನ್ನ ಸದ್ದು ಬೇಕು, ಮುಖ ಬೇಡ. ಅಪ್ಪನದ್ದೂ ಅದೇ.

ಎಷ್ಟೋ ವರ್ಷಗಳ ಮೇಲೆ ಜೇಮ್ಸ್ ಜೇಮರ್ಸನ್ ಎಂಬ ಕಪ್ಪು ಬೇಸ್ ವಾದಕನ ಬಗ್ಗೆ ಓದಿದೆ. ಡೆಟ್ರಾಯಿಟ್ ನಗರದ ಮೋಟೌನ್ ಕಂಪೆನಿಯ ಹಾಡುಗಳನ್ನು 1960ರ ದಶಕದಲ್ಲಿ ಲೋಕವೆಲ್ಲ ಕುಣಿಯುತ್ತ ಕೇಳಿತು. ಎಷ್ಟೋ ಹಾಡುಗಳ ಕೆಳಗಿನ ಸದ್ದು ಅವನದು. ಆದರೆ ರೆಕಾರ್ಡಿನ ಮೇಲೆ ಅವನ ಹೆಸರು ಅಚ್ಚಾಗಿ ಬರಲು 1971 ಆಗಬೇಕಾಯಿತು. ಅವನ ಬಳಿ ಇದ್ದದ್ದು 1962ರ ಫೆಂಡರ್ ಬೇಸ್. ತಂತಿ ಹರಿಯುವ ತನಕ ಬದಲಿಸುತ್ತಿರಲಿಲ್ಲವಂತೆ. ಅವನು 1983ರಲ್ಲಿ ತೀರಿಹೋಗುವ ಸ್ವಲ್ಪ ಮುಂಚೆ ಆ ಗಿಟಾರೂ ಕಳುವಾಯಿತು. ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಹೆಸರು ನೋಡಿ 1972ರಲ್ಲಿ ಮುಂಬಯಿಯ ನಮ್ಮ ಗೆಳೆಯರು ದಲಿತ ಪ್ಯಾಂಥರ್ ಕಟ್ಟಿದ್ದು ಎಲ್ಲರಿಗೂ ಗೊತ್ತು. ನನಗೆ ಆ ನೆಂಟಸ್ತಿಕೆ ಅರ್ಥವಾದದ್ದು ಭಾಷಣದಿಂದಲ್ಲ, ಈ ದಪ್ಪ ತಂತಿಯಿಂದ.

1990ರ ದಶಕ ಮುಗಿಯುವಷ್ಟರಲ್ಲಿ ಆರ್ಕೆಸ್ಟ್ರಾಗಳಲ್ಲಿ ಬೇಸಿನವನ ಕೆಲಸ ಹೋಯಿತು. ಕೀಬೋರ್ಡಿನವನ ಎಡಗೈಯೇ ಸಾಕಾಯಿತು. ಬೇಸ್ ಗಿಟಾರುಗಳು ಅಟ್ಟ ಸೇರಿದವು, ಗೆದ್ದಲು ಹಿಡಿದವು. ನಾನು ಕೂಡಿಸತೊಡಗಿದ್ದು ಆಗ. ಒಂದನ್ನು ಆರುನೂರಕ್ಕೆ ಕೊಂಡೆ. ಇನ್ನೊಂದು ಮೋಟರು ರಿಪೇರಿಯ ಬಾಕಿಗೆ ಬಂತು. ಬೈಂದೂರಿನ ಒಬ್ಬರ ಮನೆಯಲ್ಲಿ ಒಂದನ್ನು ಕೋಳಿಗೂಡಿನ ಬಾಗಿಲಿಗೆ ಅಡ್ಡ ಇಟ್ಟಿದ್ದರು!

ಹೆಚ್ಚಿನವು ಕಲ್ಕತ್ತಾದಲ್ಲಿ ಮಾಡಿದವು. 1991ಕ್ಕೆ ಮುಂಚೆ ಹೊರದೇಶದ ಗಿಟಾರು ತರಿಸುವುದೆಂದರೆ ಲೈಸೆನ್ಸು, ಸುಂಕ, ನಮ್ಮಂಥವರ ಮಾತಲ್ಲ. ಗಿಬ್ಸನ್ ಬದಲು ಗಿವ್ಸನ್. ಹೋಫ್ನರ್ ಬದಲು ಹೋಬ್ನರ್. ಒಂದಕ್ಷರ ಬದಲಿಸಿ ದೊಡ್ಡವರ ಸಾಲಿನಲ್ಲಿ ನಿಲ್ಲುವ ಉಪಾಯ. ನಗಬೇಡಿ. ಬೆಂಗಳೂರಿನಲ್ಲಿ ಬಾಡಿಗೆ ರೂಮು ಸಿಗಲೆಂದು ಹೆಸರಿನ ಬಾಲ ಬದಲಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ?

ಆ ಗಿಟಾರುಗಳು ಕಡಲ ಗಾಳಿಗೆ ಬಗ್ಗಿಹೋಗಿರುತ್ತವೆ. ಕೊರಳೊಳಗೆ ಕಬ್ಬಿಣದ ಸರಳಿದ್ದರೆ ತಿರುಪು ಬಿಗಿದು ನೆಟ್ಟಗೆ ಮಾಡಬಹುದು. ಕೆಲವಕ್ಕೆ ಸರಳೇ ಇಲ್ಲ. ಮೆಟ್ಟಿಲು ಹಲಗೆ ಎಬ್ಬಿಸಿ ನಾನೇ ಕೂರಿಸಿದೆ. ತಂತಿ ಕೂರುವ ತಲೆಯ ಕಡೆಯ ಪಟ್ಟಿ ಪ್ಲಾಸ್ಟಿಕ್ಕಿನದು, ಸದ್ದು ನುಂಗುತ್ತದೆ. ಕೋಣದ ಎಲುಬು ತಂದು ಕುದಿಸಿ, ಅರದಲ್ಲಿ ತಿಕ್ಕಿ ಹೊಸ ಪಟ್ಟಿ ಮಾಡಿದೆ. ಎಲುಬು ಎಂದು ತಿಳಿದಾಗ ಒಬ್ಬ ಹುಡುಗ ಗಿಟಾರು ಕೆಳಗಿಟ್ಟು ಕೈ ತೊಳೆಯಲು ಹೋದ. ಅವನ ಅಣ್ಣ ಮೃದಂಗ ನುಡಿಸುವವನು. ಮೃದಂಗದ ಚರ್ಮ ಎಲ್ಲಿಂದ ಬರುತ್ತದೆ, ಯಾರ ಕೈ ಹದ ಮಾಡುತ್ತದೆ ಎಂದು ಆ ಮನೆಯಲ್ಲಿ ಯಾರೂ ಕೇಳಿಕೊಂಡಿರಲಿಲ್ಲ. ಟಿ. ಎಂ. ಕೃಷ್ಣ ಅವರು ಮೃದಂಗ ಮಾಡುವವರ ಬಗ್ಗೆಯೇ 2020ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಆ ಹುಡುಗನಿಗೆ ಅದರ ಹೆಸರು ಬರೆದುಕೊಟ್ಟೆ. ಓದಿದನೋ ಗೊತ್ತಿಲ್ಲ.

ಪಿಕಪ್ ಎಂದರೆ ತಂತಿಯ ಕೆಳಗೆ ಕೂರುವ ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿ. ಮೋಟರಿನ ಅಣ್ಣತಮ್ಮನೇ. ಆದರೆ ಮೋಟರಿಗೆ ಸುತ್ತುವ ತಂತಿ ದಪ್ಪ; ಇದು ತಲೆಗೂದಲಿನಷ್ಟು ಸಪೂರ, ಒಂದು ಮಿಲಿಮೀಟರಿನ ಹದಿನಾರನೆಯ ಒಂದು ಪಾಲು. ಹತ್ತು ಸಾವಿರ ಸುತ್ತು ಸುತ್ತಬೇಕು. ಉಸಿರು ಬಿಗಿಯಾದರೂ ಹರಿಯುತ್ತದೆ. ಹೊಲಿಗೆ ಮೆಷಿನ್ನಿನ ಚಕ್ರಕ್ಕೆ ಬಾಬಿನ್ ಕಟ್ಟಿ, ಚಕ್ರಕ್ಕೊಂದು ಅಯಸ್ಕಾಂತ ಅಂಟಿಸಿ, ಅಂಗಡಿ ಲೆಕ್ಕದ ಕ್ಯಾಲ್ಕುಲೇಟರಿಗೆ ಒಂದು ಸ್ವಿಚ್ಚಿನ ಮೂಲಕ ಜೋಡಿಸಿದೆ. ಚಕ್ರ ಒಂದು ಸುತ್ತು ತಿರುಗಿದರೆ ಕ್ಯಾಲ್ಕುಲೇಟರಿನಲ್ಲಿ ಒಂದು ಕೂಡುತ್ತದೆ. ಮೊದಲ ಸಲ ಏಳು ಸಾವಿರಕ್ಕೆ ಕರೆಂಟು ಹೋಗಿ ಮೆಷಿನ್ನು ಕುಲುಕಿ ಹರಿಯಿತು. ಆ ರಾತ್ರಿ ಊಟ ಬಿಟ್ಟೆ. ಹಳೆಯ ತಂತಿಗಳನ್ನು ಪಾತ್ರೆಯಲ್ಲಿ ಹಾಕಿ ಕುದಿಸಿದರೆ ಜಿಡ್ಡು ಬಿಟ್ಟು ಮತ್ತೆ ಸದ್ದು ಬರುತ್ತದೆ. ಆ ಪಾತ್ರೆಗಾಗಿ ನನ್ನ ಹೆಂಡತಿ ಮಾಡಿದ ಜಗಳವನ್ನು ಬರೆಯಲು ಹೋದರೆ ಈ ಪತ್ರಿಕೆಯ ಪುಟ ಸಾಲದು.

ಒಂದರ ಮೆಟ್ಟಿಲು ತಂತಿಗಳನ್ನೆಲ್ಲ ಇಕ್ಕಳದಿಂದ ಕಿತ್ತು, ಗಂಗೊಳ್ಳಿಯಲ್ಲಿ ದೋಣಿಗೆ ಬಳಿಯುವ ರೆಸಿನ್ ತಂದು ಬಳಿದೆ. ಸದ್ದು ಮನುಷ್ಯರ ಗಂಟಲಿನಂತೆ ನರಳತೊಡಗಿತು. ನಾನೇ ಕಂಡುಹಿಡಿದೆ ಎಂದು ಬೀಗಿದ್ದೆ. ಜಾಕೋ ಪಾಸ್ಟೋರಿಯಸ್ ಎಂಬ ಅಮೆರಿಕದವನು ನನಗಿಂತ ಮುಂಚೆಯೇ ದೋಣಿಯ ರೆಸಿನ್ನಿನಲ್ಲೇ ಇದನ್ನು ಮಾಡಿ ಹೆಸರುವಾಸಿಯಾಗಿ, 1987ರಲ್ಲಿ ಸತ್ತೂ ಹೋಗಿದ್ದ.

ಕೊರಳಿನ ಹಲಗೆಗೆ ಬೀಟೆ ಮರವೇ ಒಳ್ಳೆಯದು. ಬ್ರೆಜಿಲಿನ ಬೀಟೆ ಸಿಗುವುದು ಕಷ್ಟವಾದಾಗ, 1960ರ ದಶಕದ ನಡುವಿನಿಂದ ಅಮೆರಿಕದ ಗಿಟಾರುಗಳಿಗೆ ಇಂಡಿಯಾದ ಬೀಟೆ ಹೋಗತೊಡಗಿತು. ನಮ್ಮ ಪಶ್ಚಿಮ ಘಟ್ಟ ಆ ಮರದ ತವರು. ಬುಟ್ಟಿಗೆಂದು ಒಂದು ಹೊರೆ ಬಳ್ಳಿ ಕಡಿದದ್ದಕ್ಕೆ ಅಪ್ಪ ಒಮ್ಮೆ ಕಾಡಿನ ಗಾರ್ಡಿನ ಕೈಯಲ್ಲಿ ಹೊಡೆಸಿಕೊಂಡಿದ್ದ. ಬೀಟೆ ಹಡಗು ಹತ್ತಿ ಹೋಯಿತು.

ಈಗ ಆ ಕಾರಿನವರ 'ಒರಿಜಿನಲ್' ಮಾತಿಗೆ ಬರುತ್ತೇನೆ. ಹಳೆಯ ಗಿಟಾರಿನ ಪೇಟೆಯ ನಿಯಮ ಇದು: ಬಿಡಿಭಾಗ ಬದಲಾಗಿದ್ದರೆ ಬೆಲೆ ಬೀಳುತ್ತದೆ, ಸವೆದ ಬಣ್ಣ, ಬೆವರಿನ ಕಲೆ, ಗೀರು ಇದ್ದರೂ ಎಲ್ಲವೂ ಮೂಲದ್ದೇ ಆಗಿದ್ದರೆ ಬೆಲೆ ಏರುತ್ತದೆ. ಇದೆಷ್ಟು ಮುಂದುವರಿಯಿತೆಂದರೆ, 1995ರಿಂದ ಫೆಂಡರ್ ಕಂಪೆನಿಯೇ ಹೊಸ ಗಿಟಾರನ್ನು ಬೇಕೆಂದೇ ಕೆರೆದು, ಗೀರಿ, ಹಳತರಂತೆ ಮಾಡಿ ಹೆಚ್ಚಿನ ಬೆಲೆಗೆ ಮಾರುತ್ತಿದೆ. ದುಡಿದ ಕೈಯ ಗುರುತು ಬೇಕು. ದುಡಿದ ಕೈ ಬೇಡ. ಅಪ್ಪನ ಎಡ ಹೆಗಲಿನ ಮೇಲೆ ಡೋಲಿನ ಹಗ್ಗ ಉಜ್ಜಿ ಆದ ಕಪ್ಪು ಗಂಟಿದೆ. ಅದಕ್ಕೆ ಯಾವ ಪೇಟೆಯಲ್ಲಿ ಎಷ್ಟು?

ಹೀಗೆಲ್ಲ ಸಿಟ್ಟಿನಲ್ಲಿ ಯೋಚಿಸಿ, ಡೋಲನ್ನು ಕೊಡಲೇಬಾರದು, ಅದು ನಮ್ಮ ಕೊಪ್ಪದ ಆಸ್ತಿ ಎಂದು ತೀರ್ಮಾನಿಸಿಕೊಂಡು ಅಪ್ಪನ ಹತ್ತಿರ ಹೋದೆ. ಅವನಿಗೆ ಎಂಬತ್ತು ದಾಟಿದೆ. ಕೇಳಿಸಿಕೊಂಡು ಹೇಳಿದ:

"ಮಾರ್ ಮಗಾ. ನಲ್ವತ್ ವರ್ಷ ಕುತ್ಗಿಗ್ ಹಾಯ್ಕಂಡ್ ತಿರ್ಗ್ದವ ನಾನ್. ಅದ್ರ್ ಭಾರ ನಿಂಗೆಂತ ಗೊತ್ತಿತ್?"

ನಾನು ಏನೇನೋ ಹೇಳಿದೆ. ನಮ್ಮ ಕಲೆ, ನಮ್ಮ ಗುರುತು, ಹೀಗೆ. ಸಭೆಗಳಲ್ಲಿ ಕೇಳಿ ಬಾಯಿಪಾಠವಾದ ಮಾತುಗಳು. ಅಪ್ಪ ಎಲೆಯಡಿಕೆ ಉಗಿದು ಬಂದು ಕೂತ.

"ಹಾಂಗಾರೆ ಬಡಿ. ಗೋಡಿಗ್ ತೂಗ್ ಹಾಕಿ ಕಾಂಬುಕೆ ಅದೇನ್ ದೇವ್ರ್ ಫೋಟೋನಾ?"

ಕಾಯಿದೆ ಬಂದ ವರ್ಷ ಅವನೇ ಆ ಮೊಳೆ ಹೊಡೆದು ಡೋಲನ್ನು ತೂಗುಹಾಕಿದ್ದ. ಆಮೇಲೆ ಯಾರು ಕರೆದರೂ ಹೋಗಿರಲಿಲ್ಲ. ನಾನು ಅದನ್ನು ನನ್ನ ಸಂಗ್ರಹದ ಹತ್ತನೆಯದು ಎಂದು ಲೆಕ್ಕ ಹಾಕಿಕೊಂಡಿದ್ದೆ. ಅವನನ್ನು ಒಂದು ಮಾತೂ ಕೇಳಿರಲಿಲ್ಲ. ಕಾರಿನವರಿಗೂ ನನಗೂ ಏನು ವ್ಯತ್ಯಾಸ?

ಡೋಲು ಇಳಿಸಿ ಅವನ ಮುಂದಿಟ್ಟೆ. ಒಂದು ಬದಿಯ ಚರ್ಮವನ್ನು ಇಲಿ ಕಡಿದಿತ್ತು. ಅಪ್ಪ ಕಣ್ಣು ಮಂಜಾದರೂ ಬೆರಳಿನಲ್ಲಿ ಸವರುತ್ತ ಹೇಳುತ್ತ ಹೋದ. ಚರ್ಮ ಆರು ಸಲ ಬದಲಿಸಿದ್ದು. ಈ ಬದಿಯ ಬಳೆ ಅವನ ಮಾವ ಹಾಕಿದ್ದು, ಮೊದಲಿನದ್ದು ಒಂದು ಕಂಬಳದಲ್ಲಿ ಒಡೆದಿತ್ತು. ಹೆಗಲಿನ ಹಗ್ಗ ಗಂಗೊಳ್ಳಿಯಿಂದ ತಂದ ಬಲೆಯ ನೈಲಾನು. ಮರದ ಬಿರುಕಿಗೆ ಮೇಣ ಮೆತ್ತಿದ್ದು ನನ್ನ ಅಬ್ಬಿ.

ಮರುದಿನ ಕಾರಿನವರು ಫೋನು ಮಾಡಿದರು. "ಒರಿಜಿನಲ್ ಅಲ್ಲ" ಎಂದೆ. "ನೈಲಾನ್ ಹಗ್ಗ, ಏಳನೆಯ ಚರ್ಮ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹತ್ತು ಸಾವಿರ" ಅಂದರು. ಫೋನು ಇಟ್ಟೆ.

ಕಡಿದ ಬದಿಗೆ ಚರ್ಮ ತಂದದ್ದು ನಾನು, ಬಿಗಿಯುವುದು ಹೇಗೆಂದು ಹೇಳಿದ್ದು ಅಪ್ಪ. ಎರಡು ದಿನ ಹಿಡಿಯಿತು. ಕಾಸಿ ಬಿಗಿ ಮಾಡಿದ ಮೇಲೆ, ಒಂದು ಸಲ ಬಡಿದು ತೋರಿಸು ಎಂದು ಕೋಲು ಕೊಟ್ಟೆ. ಅವನು ಕೈ ಮುಂದೆ ಚಾಚಲಿಲ್ಲ. "ನಾ ಬಡೂದಿಲ್ಲೆ. ನಿಂಗ್ ಬೇಕಾರೆ ಕಲಿ" ಎಂದು ಒಳಗೆ ಹೋದ.

ಮೂವತ್ತು ವರ್ಷ ದಪ್ಪ ತಂತಿ ಮೀಟಿ ನನ್ನ ಬೆರಳಿನ ತುದಿ ಕಲ್ಲಾಗಿದೆ, ಆದರೆ ಮಣಿಕಟ್ಟಿಗೆ ಕೋಲಿನ ಗುಣ ಗೊತ್ತಿಲ್ಲ. ಸಂಜೆ ಅಂಗಡಿ ಮುಚ್ಚಿದ ಮೇಲೆ ಕೂರುತ್ತೇನೆ. ನಿನ್ನೆ ಕೋಲು ಎರಡು ಸಲ ಕೈಜಾರಿ ಬಿತ್ತು. ಒಳಗಿನಿಂದ ಅಪ್ಪನ ದನಿ ಬಂತು: "ಹಾಂಗಲ್ಲ."