ಹಿಪ್ಪುನೇರಳೆಯ ಹೊರೆ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಸುತ್ತಿನಲ್ಲಿ ರಾಗಿಯು ಹೊಟ್ಟೆಯನ್ನು ತುಂಬಿಸಿದರೆ ರೇಷ್ಮೆಯು ಸಾಲವನ್ನು ತೀರಿಸುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ, ಅಲ್ಲಿಯ ಒಂದು ಒಕ್ಕಲುಮನೆಯಲ್ಲಿ ಹುಳುಗಳು ನಾಲ್ಕನೆಯ ಜ್ವರವನ್ನು ಕಳೆದು ಎದ್ದಿದ್ದವು. ಹುಳುವು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಅನಂತರದ ಏಳೆಂಟು ದಿನಗಳಲ್ಲಿಯೇ ತಿನ್ನುತ್ತದೆ; ಆಗ ಮನೆಯವರಿಗೆ ಹಗಲಿರುಳಿನ ಭೇದವಿಲ್ಲ. ಗೂಡಿನ ಬೆಲೆಯೋ ಕುಸಿಯುತ್ತಿತ್ತು. ಬೆಂಗಳೂರಿನ ಕೆಲಸವನ್ನು ಕಳೆದುಕೊಂಡು ಮರಳಿದ್ದ ಮಗನು ತಟ್ಟೆಗಳನ್ನು ತಿಪ್ಪೆಗೆ ಸುರಿದುಬಿಡೋಣವೆಂದನು. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ.

ತಾಯಿಯು ವಾದಿಸಲಿಲ್ಲ. ಲಿಂಗಪೂಜೆಯನ್ನು ಮುಗಿಸಿ, ಕುಡುಗೋಲು ಹಿಡಿದು ತೋಟಕ್ಕೆ ಹೊರಟಳು. ಹಸಿದವುಗಳಿಗೆ ಪೇಟೆಯ ಧಾರಣೆ ತಿಳಿಯದಲ್ಲವೆ ಎಂದಷ್ಟೇ ಆಕೆಯ ಮಾತು. ಕೊನೆಗೆ ಬಿಸಿಹಬೆಗೆ ಬಲಿಯಾಗತಕ್ಕ ಜೀವಿಗಳಿಗೆ ಇಷ್ಟು ಕರುಣೆಯೇ ಎಂದು ಕೇಳುವವರು ಕೇಳಬಹುದು; ಆ ಪ್ರಶ್ನೆಗೆ ರೇಷ್ಮೆಯ ನಾಡಿನಲ್ಲಿ ಸುಲಭವಾದ ಉತ್ತರವಿಲ್ಲ. ಅಂಗೈಯ ಲಿಂಗಕ್ಕೆ ಪತ್ರೆಯನ್ನು ಏರಿಸಿದ ಕೈಯೇ ತಟ್ಟೆಗೆ ಸೊಪ್ಪನ್ನು ಹರಡುತ್ತಿತ್ತು. ಗಂಡನು ನಿತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಿ ಬರಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮಠದ ಮಕ್ಕಳೆಲ್ಲ ಬಲ್ಲರು. ಆಕೆಯೂ ಶಿವನನ್ನು ಕಂಡದ್ದು ಅಡುಗೆಮನೆಯ ಮೊರದಲ್ಲಿಯೇ.

ಮೂರನೆಯ ದಿನ ನಸುಕಿನಲ್ಲಿ ತಾಯಿ ಎದ್ದಾಗ ಸೊಪ್ಪಿನ ಹೊರೆಯೊಂದು ಹೊಸ್ತಿಲ ಬಳಿ ಇದ್ದಿತು. ಮಗನು ಎರಡನೆಯ ಹೊರೆಗಾಗಿ ತೋಟದಲ್ಲಿದ್ದನು. ಹುಳುಮನೆಯೊಳಗೆ ಸಾವಿರಾರು ಬಾಯಿಗಳು ಸೊಪ್ಪನ್ನು ಕಡಿಯುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದಂತೆ ಕೇಳುತ್ತಿತ್ತು. ಹಣ್ಣಾದ ಹುಳುಗಳು ಚಂದ್ರಿಕೆಯನ್ನು ಏರಿದವು. ಗೂಡಿಗೆ ಬಂದ ಹಣ ಸಾಲದ ಬಡ್ಡಿಗೂ ಸಾಕಾಗಲಿಲ್ಲ. ಮುಂದಿನ ಚಾಕಿಗೆ ಹೇಳಿಬರಲು ಮಗನೇ ಹೋದನು.